ಚೆಂಡು ಕಸಿಯುವವರ ಪರವಾಗಿ

ಹೊಸಪೇಟೆಯ ಯಾವುದೇ ಶಾಲೆಯ ಬಯಲಿಗೆ ಸಂಜೆ ಐದರ ಹೊತ್ತಿಗೆ ಹೋಗಿ ನಿಲ್ಲಿ. ಫುಟ್‌ಬಾಲ್ ಆಡಲು ಹುಡುಗರು ಎರಡು ಪಾಲಾಗುತ್ತಿರುತ್ತಾರೆ. ಚೆಂಡು ಯಾರದೋ ಅವನು ಫಾರ್ವರ್ಡ್. ಜೋರಾಗಿ ಓಡುವವನು ಫಾರ್ವರ್ಡ್. ಹೊಸ ಬೂಟು ಹಾಕಿಕೊಂಡು ಬಂದವನೂ ಫಾರ್ವರ್ಡ್. ಇವರೆಲ್ಲ ತಮ್ಮ ತಮ್ಮ ಜಾಗ ಹಿಡಿದ ಮೇಲೆ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಉಳಿದ ಒಬ್ಬಿಬ್ಬರಿಗೆ ಹುಕುಂ ಬೀಳುತ್ತದೆ: "ಲೇ, ನೀ ಹಿಂದ ನಿಂದ್ರು." ಚೆಂಡು ಬಂದರೆ ಏನು ಮಾಡಲಿ ಎಂದು ಅವನು ಕೇಳಿದರೆ ಅದಕ್ಕೂ ಉತ್ತರ ಸಿದ್ಧವಾಗಿರುತ್ತದೆ: "ಬಂದ್ರ ಜೋರಾಗಿ ಒದಿ."

ನನ್ನ ಜಗಳ ಈ ಎರಡು ಮಾತುಗಳ ಜೊತೆ. ಹುಡುಗರ ಮೇಲೆ ಸಿಟ್ಟಿಲ್ಲ; ಅವರು ದೊಡ್ಡವರಿಂದ ಕಲಿತದ್ದನ್ನೇ ಹೇಳುತ್ತಿದ್ದಾರೆ. ಡಿಫೆಂಡರ್ ಎಂದರೆ ಹಿಂದೆ ನಿಲ್ಲುವವನು, ಬಂದದ್ದನ್ನು ತಡೆಯುವವನು, ತಡೆದದ್ದನ್ನು ಎತ್ತ ಕಡೆಗಾದರೂ ಒದ್ದು ಕೈತೊಳೆದುಕೊಳ್ಳುವವನು ಎಂದು ನಮ್ಮ ಕ್ರೀಡಾಪುಟಗಳು, ಟಿವಿಯ ವೀಕ್ಷಕ ವಿವರಣೆಕಾರರು, ಎಷ್ಟೋ ಮಂದಿ ಪಿ.ಟಿ. ಮೇಷ್ಟ್ರುಗಳು ಒಟ್ಟಾಗಿ ನಂಬಿಸಿದ್ದಾರೆ. ಈ ನಂಬಿಕೆಯಿಂದ ಪಂದ್ಯಗಳು ಸೋಲುತ್ತವೆ. ಅದಕ್ಕಿಂತ ಹೆಚ್ಚಾಗಿ, ಒಂದು ಬಗೆಯ ಬುದ್ಧಿವಂತಿಕೆ ಇರುವ ಮಕ್ಕಳು ಯಾರ ಕಣ್ಣಿಗೂ ಬೀಳದೆ ಆಟ ಬಿಡುತ್ತಾರೆ. ಚೆಂಡನ್ನು ತಡೆಯುವುದು ಬೇರೆ, ಎದುರಾಳಿಯಿಂದ ಕಸಿದುಕೊಳ್ಳುವುದು ಬೇರೆ. ಮೊದಲನೆಯದರಿಂದ ಸೋಲು ಸ್ವಲ್ಪ ಹೊತ್ತು ಮುಂದಕ್ಕೆ ಹೋಗುತ್ತದೆ ಅಷ್ಟೆ. ಪಂದ್ಯ ತಿರುಗುವುದು ಎರಡನೆಯದರಿಂದ.

ಭಾಷೆಯಿಂದಲೇ ಶುರುಮಾಡೋಣ, ಈ ಪತ್ರಿಕೆಯ ಓದುಗರಿಗೆ ಅದು ಹತ್ತಿರದ ವಿಷಯ. ಕನ್ನಡದ ಫುಟ್‌ಬಾಲ್ ವರದಿಯಲ್ಲಿ ಫಾರ್ವರ್ಡ್ ಆದವನಿಗೆ ಎಷ್ಟು ಕ್ರಿಯಾಪದಗಳಿವೆ ನೋಡಿ. ಅವನು ನುಗ್ಗುತ್ತಾನೆ, ಭೇದಿಸುತ್ತಾನೆ, ಸಿಡಿಸುತ್ತಾನೆ, ಮಿಂಚುತ್ತಾನೆ, ಗೋಲಿನ ಮಳೆ ಸುರಿಸುತ್ತಾನೆ. ಡಿಫೆಂಡರನ ಪಾಲಿಗೆ ಬಂದಿರುವುದು ಒಂದು ನಾಮಪದ, 'ರಕ್ಷಣಾ ಕೋಟೆ'. ಅದೂ ಬರುವುದು ಕೋಟೆ ಒಡೆದ ದಿನ ಮಾತ್ರ. ಇಡೀ ವಾಕ್ಯದಲ್ಲಿ ಅವನು ಏನನ್ನೂ ಮಾಡುವುದಿಲ್ಲ, ಅವನಿಗೆ ಏನೋ ಆಗುತ್ತದೆ. ತೊಂಬತ್ತು ನಿಮಿಷ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ತಂದವನನ್ನು ಹೇಳಲು ನಮ್ಮಲ್ಲಿ ಕ್ರಿಯಾಪದ ಇಲ್ಲವೆಂದಲ್ಲ. ಕಸಿ, ಕಿತ್ತುಕೊ, ಹಿಡಿ, ಎಗರಿಸು ಎಲ್ಲವೂ ಇವೆ. ಬಳಸುವುದಿಲ್ಲ ಅಷ್ಟೆ.

ಹೀಗಾಗಿ ಡಿಫೆಂಡರ್ ನೆನಪಿನಲ್ಲಿ ಉಳಿಯಬೇಕಾದರೆ ಅವನು ಗೋಲು ಹೊಡೆಯಲೇಬೇಕು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರು ಎಫ್‌ಸಿ ಮೊದಲ ಸಲ ಇಂಡಿಯನ್ ಸೂಪರ್ ಲೀಗ್ ಗೆದ್ದಾಗ ಎದುರಿಗಿದ್ದದ್ದು ಎಫ್‌ಸಿ ಗೋವಾ. ಆ ಋತುವಿನಲ್ಲಿ 16 ಗೋಲು ಹೊಡೆದಿದ್ದ ಕೋರೋ ಆ ತಂಡದಲ್ಲಿದ್ದ. ಹೆಚ್ಚುವರಿ ಸಮಯವೂ ಸೇರಿ 120 ನಿಮಿಷ ಗೋವಾಕ್ಕೆ ಒಂದು ಗೋಲೂ ಸಿಗಲಿಲ್ಲ. ನಮಗೆ ನೆನಪಿರುವುದು ಏನು? 117ನೇ ನಿಮಿಷದಲ್ಲಿ ಕಾರ್ನರ್ ಕಿಕ್‌ಗೆ ರಾಹುಲ್ ಭೆಕೆ ತಲೆ ಕೊಟ್ಟ ಗೋಲು. ಭೆಕೆ ಡಿಫೆಂಡರ್. ಆ ಸಂಜೆ ಅವನು ಮತ್ತು ಅವನ ಜೊತೆಗಾರರು ಮಾಡಿದ ನಿಜವಾದ ಕೆಲಸವನ್ನು ಯಾರಾದರೂ ವಿವರಿಸಿ ಬರೆದದ್ದನ್ನು ನಾನು ಓದಿಲ್ಲ. ಇನ್ನೂ ಹಿಂದಕ್ಕೆ ಹೋಗಿ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದ ಕತೆಯಲ್ಲಿ ಜರ್ನೈಲ್ ಸಿಂಗ್ ಹೆಸರು ತಪ್ಪದೆ ಬರುತ್ತದೆ. ಏಷ್ಯಾದ ಅತ್ಯುತ್ತಮ ಸ್ಟಾಪರ್‌ಗಳಲ್ಲಿ ಒಬ್ಬನೆನಿಸಿದ್ದ ಮನುಷ್ಯ. ಆದರೆ ಕತೆಯಲ್ಲಿ ಬರುವುದು, ತಲೆಗೆ ಹೊಲಿಗೆ ಬಿದ್ದಿದ್ದರಿಂದ ಕೋಚ್ ರಹೀಮ್ ಅವನನ್ನು ಮುಂದಕ್ಕೆ ಆಡಿಸಿದ್ದು, ಅವನು ಫೈನಲ್‌ನಲ್ಲಿ ಗೋಲು ಹೊಡೆದದ್ದು. ಅಷ್ಟು ವರ್ಷ ಹಿಂದೆ ನಿಂತು ಮಾಡಿದ್ದಕ್ಕೆ ಸಿಗದ ಜಾಗ, ಎರಡು ಪಂದ್ಯ ಮುಂದೆ ಆಡಿದ್ದಕ್ಕೆ ಸಿಕ್ಕಿತು.

ಕಸಿದುಕೊಂಡ ಚೆಂಡಿಗೆ ಯಾಕೆ ಅಷ್ಟು ಬೆಲೆ? ಲೆಕ್ಕ ಸರಳ. ದಾಳಿ ಮಾಡುವ ತಂಡ ಮೈದಾನದ ತುಂಬ ಹರಡಿಕೊಳ್ಳಲೇಬೇಕು. ಎರಡೂ ಬದಿಯ ಬ್ಯಾಕ್‌ಗಳು ಮುಂದೆ ಓಡಿರುತ್ತಾರೆ, ನಡುವಿನವರು ಪಾಸ್ ಬೇಡಲು ಚೆದುರಿರುತ್ತಾರೆ. ಆ ಹೊತ್ತಿಗೆ ಚೆಂಡು ಹೋದರೆ ಅವರ ಹಿಂದೆ ಮನೆ ಬಾಗಿಲು ತೆರೆದೇ ಇರುತ್ತದೆ. ಎಲ್ಲರೂ ತಿರುಗಿ ಓಡಿ ಮತ್ತೆ ಸಾಲು ಕಟ್ಟಲು ಕೆಲವು ಸೆಕೆಂಡು ಬೇಕು, ಆ ಕೆಲವೇ ಸೆಕೆಂಡು ಬಂಗಾರ. ಚೆಂಡು ಎದುರಾಳಿಯ ಗೋಲಿಗೆ ಹತ್ತಿರದಲ್ಲೇ ಸಿಕ್ಕರಂತೂ ದೂರವೂ ಉಳಿಯಿತು. ಅದೇ ಚೆಂಡನ್ನು "ಜೋರಾಗಿ ಒದ್ದರೆ" ಏನಾಗುತ್ತದೆ? ಹೆಚ್ಚಿನ ಸಲ ಅದು ಎದುರಾಳಿಗೇ ಹೋಗಿ ಬೀಳುತ್ತದೆ, ಅವರು ಅದೇ ದಾಳಿಯನ್ನು ಮೊದಲಿನಿಂದ ಶುರುಮಾಡುತ್ತಾರೆ.

ಪೆಪ್ ಗಾರ್ಡಿಯೋಲಾ ಕಾಲದ ಬಾರ್ಸಿಲೋನಾ ತಂಡ ಚೆಂಡು ಕಳೆದುಕೊಂಡ ಐದಾರು ಸೆಕೆಂಡಿನೊಳಗೆ ಅದನ್ನು ಮರಳಿ ಪಡೆಯಲು ಮುಗಿಬೀಳುತ್ತಿತ್ತು. ಜಗತ್ತು ಅವರ ಪಾಸ್‌ಗಳನ್ನು ಹೊಗಳಿತು, ಈ ಹಸಿವನ್ನು ಕಡಿಮೆ ಗಮನಿಸಿತು. ಯೂರ್ಗನ್ ಕ್ಲಾಪ್ ಇನ್ನೂ ಮುಂದೆ ಹೋಗಿ, ಒಳ್ಳೆಯ ಜಾಗದಲ್ಲಿ ಕಸಿದ ಚೆಂಡು ಮಾಡುವ ಕೆಲಸವನ್ನು ಎಂಥ ದೊಡ್ಡ ಪ್ಲೇಮೇಕರ್ ಕೂಡ ಮಾಡಲಾರ ಎಂದು ವಾದಿಸುತ್ತಿದ್ದರು. ಅದಕ್ಕೆ ಸಾಕ್ಷಿ 2019ರ ಮೇ 7ರ ರಾತ್ರಿ. ಮೊದಲ ಲೆಗ್‌ನಲ್ಲಿ 3–0 ಸೋತಿದ್ದ ಲಿವರ್‌ಪೂಲ್, ಆನ್‌ಫೀಲ್ಡ್‌ನಲ್ಲಿ ಮೆಸ್ಸಿ ಇದ್ದ ಬಾರ್ಸಿಲೋನಾವನ್ನು 4–0ರಿಂದ ಬಡಿಯಿತು. ಎಲ್ಲರ ನೆನಪಿನಲ್ಲಿರುವುದು ನಾಲ್ಕನೆಯ ಗೋಲಿನ ಚುರುಕು ಕಾರ್ನರ್. ಮೊದಲ ಎರಡನ್ನು ಮತ್ತೆ ನೋಡಿ. 7ನೇ ನಿಮಿಷದಲ್ಲಿ ಜೋರ್ಡಿ ಆಲ್ಬಾ ತಲೆಯಿಂದ ಹಿಂದಕ್ಕೆ ತಳ್ಳಿದ ಚೆಂಡನ್ನು ಸಾಡಿಯೋ ಮಾನೆ ಎಗರಿಸಿದ. ಅಲ್ಲಿಂದ ಮೊದಲ ಗೋಲು. 54ನೇ ನಿಮಿಷದಲ್ಲಿ ಅದೇ ಆಲ್ಬಾನಿಂದ ಚೆಂಡು ಕಿತ್ತವನು ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್, ಒಬ್ಬ ಡಿಫೆಂಡರ್, ಅಲ್ಲಿಂದ ಎರಡನೆಯದು. ಎರಡೂ ಸಲ ಚೆಂಡು ಸುಮ್ಮನೆ ಬಂದು ಬೀಳಲಿಲ್ಲ. ಆಲ್ಬಾಗೆ ಯೋಚಿಸಲು ಸಮಯವೇ ಸಿಗದಂತೆ ಮಾಡಿದ್ದರು.

ಈ ಸಮಯ ಸಿಗದಂತೆ ಮಾಡುವ ವಿದ್ಯೆ ನಮ್ಮ ಊರಿನವರಿಗೆ ಹೊಸದೇನಲ್ಲ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಗಾಣಿಗಿತ್ತಿ ಬಸದಿಯ ಹಿಂದೆ ಭೀಮನ ಬಾಗಿಲು ಇದೆ. ಹಂಪಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದಿಲ್ಲ, ಹೋದವರೂ ದ್ರೌಪದಿ, ಕೀಚಕರ ಉಬ್ಬುಶಿಲ್ಪ ನೋಡಿ ಬರುತ್ತಾರೆ. ನಾನು ಫುಟ್‌ಬಾಲ್ ಕಲಿಯುವ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎನ್ನುತ್ತೇನೆ. ಅದು ನೇರ ಬಾಗಿಲಲ್ಲ. ಒಳಗೆ ಬಂದವನ ಎದುರಿಗೆ ಗೋಡೆ; ತಿರುಗಬೇಕು, ಮತ್ತೆ ತಿರುಗಬೇಕು. ಓಡಿ ಬಂದ ವೇಗವೆಲ್ಲ ಅಲ್ಲಿ ಸತ್ತುಹೋಗುತ್ತದೆ, ಪಕ್ಕಕ್ಕೆ ತಿರುಗಿದವನ ಬೆನ್ನು ಕಾವಲುಗಾರನಿಗೆ ಸಿಗುತ್ತದೆ. ಕಟ್ಟಿದವರು ದಾರಿ ಮುಚ್ಚಲಿಲ್ಲ, ದಾರಿ ಕೊಟ್ಟರು, ತಮಗೆ ಬೇಕಾದಂಥ ದಾರಿ. ಇವತ್ತು ಯುರೋಪಿನ ಕೋಚ್‌ಗಳು ಬೋರ್ಡಿನ ಮೇಲೆ ಬಾಣ ಎಳೆದು ಕಲಿಸುವ ಬಲೆಯೂ ಇದೇ. ನಡುವಿನ ದಾರಿ ಮುಚ್ಚಿ, ಬದಿಯ ಬ್ಯಾಕ್‌ಗೆ ಒಂದು ಪಾಸ್ ಸಲೀಸಾಗಿ ಹೋಗಲು ಬಿಡುತ್ತಾರೆ. ಅವನು ಚೆಂಡು ಪಡೆಯುವಾಗ ಅವನ ಒಂದು ಬದಿಗೆ ಗೆರೆ. ಗೆರೆ ದಾಟಿದರೆ ಚೆಂಡು ಹೊರಗೆ. ಹಾಗಾಗಿ ಅದೂ ಒಬ್ಬ ಆಟಗಾರನ ಹಾಗೆ ಕಾವಲು ನಿಲ್ಲುತ್ತದೆ. ಉಳಿದ ಮೂರು ದಿಕ್ಕಿಗೆ ಮೂವರು ಒಟ್ಟಿಗೆ ನುಗ್ಗುತ್ತಾರೆ. ಯಾವಾಗ ನುಗ್ಗಬೇಕು ಎನ್ನುವುದಕ್ಕೂ ಗುರುತುಗಳಿವೆ: ಚೆಂಡು ಅವನ ಕಾಲಿಗೆ ತಗುಲಿ ಸ್ವಲ್ಪ ದೂರ ಪುಟಿದಾಗ, ಅವನು ತನ್ನದೇ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆದಾಗ, ಹಿಂದಕ್ಕೆ ಕೊಟ್ಟ ಪಾಸ್ ನಿಧಾನವಾದಾಗ. ಇದನ್ನೆಲ್ಲ ಅರೆಕ್ಷಣದಲ್ಲಿ ಓದುವ ಹುಡುಗನನ್ನು ನಾವು "ಹಿಂದ ನಿಂದ್ರು" ಎಂದು ಕಳಿಸುತ್ತಿದ್ದೇವೆ.

ಗೋಡೆ ಕಟ್ಟಿ ಕೂರುವುದರ ಬಗ್ಗೆ ಹಂಪಿಯ ಕಡೆಯವರಿಗೆ ಬೇರೆ ಪಾಠ ಬೇಕಿಲ್ಲ. 1565ರಲ್ಲಿ ನಿರ್ಧಾರವಾದದ್ದು ಉತ್ತರಕ್ಕೆ, ಕೃಷ್ಣೆಯ ಕಡೆಯ ಬಯಲಿನಲ್ಲಿ. ರಾಜಧಾನಿಯ ಸುತ್ತಿನ ಆ ಏಳು ಸುತ್ತಿನ ಕೋಟೆ ಆ ದಿನ ಯಾವ ಕೆಲಸಕ್ಕೂ ಬರಲಿಲ್ಲ.

ಕಬಡ್ಡಿಯ ಮಾತು ಇಲ್ಲಿ ತರಲೇಬೇಕು, ಯಾಕೆಂದರೆ ನನ್ನ ವಾದದ ಅತಿ ದೊಡ್ಡ ಸಾಕ್ಷಿ ಅದೇ. ಫುಟ್‌ಬಾಲ್‌ನಲ್ಲಿ ಚೆಂಡು ಕಸಿದರೆ ಸ್ಕೋರ್‌ಬೋರ್ಡ್ ಅಲುಗಾಡುವುದಿಲ್ಲ. ಕಬಡ್ಡಿಯಲ್ಲಿ ಹಾಗಲ್ಲ, ಹಿಡಿದರೆ ಅಂಕ. ಅಷ್ಟೇ ಅಲ್ಲ, ಹೊರಗೆ ಕೂತಿದ್ದ ನಮ್ಮವನೊಬ್ಬ ಜೀವ ಪಡೆದು ಒಳಗೆ ಬರುತ್ತಾನೆ. ಪ್ರೊ ಕಬಡ್ಡಿಯಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದಾಗ ಹಿಡಿದರೆ ಎರಡು ಅಂಕ. ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಲ್ಲಿ ಟೂರ್ನಿಮೆಂಟ್ ಆದರೆ ಬೆಸ್ಟ್ ರೈಡರ್ ಜೊತೆಗೆ ಬೆಸ್ಟ್ ಕ್ಯಾಚರ್‌ಗೂ ಒಂದು ಕಪ್ ಇಟ್ಟಿರುತ್ತಾರೆ. ಕಾರ್ನರ್‌ನಲ್ಲಿ ನಿಂತವನು ಬೋನಸ್ ಗೆರೆಯ ಆಸೆ ತೋರಿಸಿ ರೈಡರನ್ನು ಒಳಗೆ ಎಳೆದು ಪಾದ ಹಿಡಿದಾಗ, ಬೀಡಿ ಸೇದುತ್ತ ಕೂತ ಅಜ್ಜ ಕೂಡ ಎದ್ದು ನಿಂತು ಸಿಳ್ಳೆ ಹಾಕುತ್ತಾನೆ. ಭೀಮನ ಬಾಗಿಲಿನ ಸೂತ್ರ ಆ ಅಜ್ಜನಿಗೆ ಗೊತ್ತು. ಅದೇ ಅಜ್ಜನ ಮೊಮ್ಮಗ ಟಿವಿಯಲ್ಲಿ ಫುಟ್‌ಬಾಲ್ ಹಾಕಿಕೊಂಡರೆ ಗೋಲಿನ ಹೈಲೈಟ್ಸ್ ಬಿಟ್ಟು ಬೇರೇನೂ ನೋಡುವುದಿಲ್ಲ.

2023ರ ಪ್ರೊ ಕಬಡ್ಡಿ ಹರಾಜನ್ನು ನೆನಪಿಸಿಕೊಳ್ಳಿ. ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟು ಪವನ್ ಸೆಹ್ರಾವತ್‌ನನ್ನು ಕೊಂಡಿತು. 2019ರ ಜನವರಿಯಲ್ಲಿ ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ ಅದೇ ಪವನ್. ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟು ಹಿಡಿಯುವುದರಲ್ಲಿ ನಿಪುಣನಾದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು ಕೊಂಡಿತು. ಋತು ಮುಗಿದಾಗ ಟೈಟನ್ಸ್ ಕಟ್ಟಕಡೆಯ ಸ್ಥಾನದಲ್ಲಿತ್ತು. ಪಲ್ಟನ್ 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ಎದುರು 28–25ರಿಂದ ಫೈನಲ್ ಗೆದ್ದಿತು. ಗೆದ್ದ ತಂಡದ ಕೋಚ್ ನಮ್ಮ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆಲ್ಲಿಸಿದ್ದವರು. ಪವನ್ ಆ ವರ್ಷವೂ ಚೆನ್ನಾಗಿಯೇ ಆಡಿದ, ತಪ್ಪು ಅವನದಲ್ಲ. ಒಬ್ಬ ರೈಡರ್ ತಂದ ಅಂಕವನ್ನು ಹಿಡಿಯಲಾರದ ಆರು ಜನ ಖರ್ಚು ಮಾಡುತ್ತಿದ್ದರೆ ಎಷ್ಟು ದುಡಿದರೇನು?

ಇನ್ನು ನನ್ನನ್ನು ಈ ಬರಹಕ್ಕೆ ಕೂರಿಸಿದ ಸಂಗತಿ. ಹೊಸಪೇಟೆ–ಬಳ್ಳಾರಿ ದಾರಿಯಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಕೂಡ ನಡೆಯುವುದು ಅಲ್ಲಿಯೇ. ಅದಿರಿನ ಧೂಳಿನ ಊರಿನ ಪಕ್ಕ ಅಂಥ ಹುಲ್ಲಿನ ಮೈದಾನ ಬಂದ ಮೇಲೆ ಸುತ್ತಲಿನ ಮಕ್ಕಳಿಗೆ ಫುಟ್‌ಬಾಲ್ ಒಂದು ದಾರಿ ಎಂಬ ಆಸೆ ಹುಟ್ಟಿದೆ. ಒಳ್ಳೆಯದೇ. ಎಲ್ಲರೂ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೂ ಮೊದಲು ಸಣ್ಣ ಪುಟ್ಟ ಆಯ್ಕೆಗಳು, ಶಿಬಿರಗಳು, ಹಾಸ್ಟೆಲ್ ಸೀಟುಗಳ ಟ್ರಯಲ್‌ಗಳು ಇರುತ್ತವೆ. ಬೇರೊಂದು ಕಡೆ ನಡೆದ ಅಂಥ ಒಂದು ಟ್ರಯಲ್ ನೋಡಲು ಹೋಗಿದ್ದೆ. ಕಂಪ್ಲಿ ಕಡೆಯಿಂದ ಬಂದ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷದ ಆಟದಲ್ಲಿ ಏಳು ಸಲ ಚೆಂಡು ಕಿತ್ತಳು. ನಾನು ಎಣಿಸಿದ್ದೇನೆ. ಒಂದು ಸಲವೂ ಎದುರಾಳಿಯ ಕಾಲಿಗೆ ಒದೆಯಲಿಲ್ಲ, ಒಂದು ಸಲವೂ ನೆಲಕ್ಕೆ ಬೀಳಲಿಲ್ಲ. ಪಾಸ್ ಹೊರಡುವ ಮೊದಲೇ ಅದು ಹೋಗುವ ಜಾಗಕ್ಕೆ ಹೋಗಿ ನಿಂತಿರುತ್ತಿದ್ದಳು. ಕಿತ್ತ ತಕ್ಷಣ ಹತ್ತಿರದವಳಿಗೆ ಕೊಟ್ಟು ಮತ್ತೆ ತನ್ನ ಜಾಗಕ್ಕೆ. ಬರೆದುಕೊಳ್ಳುತ್ತಿದ್ದವರ ಹಾಳೆಯಲ್ಲಿ ಎತ್ತರ, ಓಟದ ವೇಗ, ಡ್ರಿಬ್ಲಿಂಗ್, ಶೂಟಿಂಗ್ ಎಂಬ ಕಾಲಂಗಳಿದ್ದವು. ಅವಳು ಮಾಡಿದ್ದನ್ನು ಬರೆಯಲು ಕಾಲಂ ಇರಲಿಲ್ಲ. ಎರಡು ಗೋಲು ಹೊಡೆದ ಹುಡುಗಿ ಆಯ್ಕೆಯಾದಳು. ಆ ಎರಡರಲ್ಲಿ ಒಂದು ಗೋಲಿನ ಚೆಂಡನ್ನು ಕಿತ್ತು ಕೊಟ್ಟವಳು ಇವಳು. ಅವರಪ್ಪ ಅವಳ ಚೀಲ ಎತ್ತಿಕೊಳ್ಳುತ್ತ, "ನೀನೂ ಒಂದು ಗೋಲು ಹೊಡಿಬೇಕಿತ್ತವ್ವ" ಅಂದರು. ಆ ಮಾತಿಗೆ ಅವಳಲ್ಲಿ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ಹಾಳೆ ಮಡಚಿ ಜೀಪ್ ಹತ್ತಿದ್ದರು.

ಕಾಲಂ ಇಲ್ಲದ ಕಡೆ ಏನೇನು ತಪ್ಪಿಹೋಗುತ್ತದೆ ಎನ್ನಲು ಅಮೆರಿಕದ ಫುಟ್‌ಬಾಲ್ ನೋಡಬಹುದು. ಅದು ಕೈಯಲ್ಲಿ ಚೆಂಡು ಹಿಡಿದು ಓಡುವ ಬೇರೆಯೇ ಆಟ, ನಮ್ಮಲ್ಲಿ ಬಹಳ ಮಂದಿಗೆ ಪರಿಚಯವಿಲ್ಲ. ಆದರೆ ಎದುರಾಳಿಯಿಂದ ಚೆಂಡು ಕಸಿಯುವುದಕ್ಕೆ ಅಲ್ಲಿ ಟರ್ನೋವರ್ ಎಂಬ ಹೆಸರಿದೆ, ಪ್ರತಿ ಪಂದ್ಯದಲ್ಲೂ ಅದರ ಲೆಕ್ಕ ಇಡುತ್ತಾರೆ, ಯಾರು ಕಸಿದರು ಎಂಬುದು ಆಟಗಾರನ ಹೆಸರಿನ ಮುಂದೆ ಉಳಿಯುತ್ತದೆ. 2003ರ ಜನವರಿಯ ಸೂಪರ್ ಬೌಲ್‌ನಲ್ಲಿ ಓಕ್‌ಲ್ಯಾಂಡ್ ತಂಡದ ಪರ ಚೆಂಡೆಸೆಯುತ್ತಿದ್ದವನು ಆ ವರ್ಷದ ಅತ್ಯುತ್ತಮ ಆಟಗಾರ ರಿಚ್ ಗ್ಯಾನನ್. ಟ್ಯಾಂಪಾ ಬೇ ತಂಡದ ಡಿಫೆಂಡರ್‌ಗಳು ಅವನ ಎಸೆತಗಳನ್ನು ಐದು ಸಲ ನಡುವೆಯೇ ಹಿಡಿದರು, ಅದರಲ್ಲಿ ಮೂರನ್ನು ಹಾಗೇ ಓಡಿಸಿಕೊಂಡು ಹೋಗಿ ಅಂಕ ಗಳಿಸಿದರು. ಪಂದ್ಯ 48–21. ಇನ್ನೊಂದು, 2015ರ ಫೆಬ್ರವರಿಯದು. ಸಿಯಾಟಲ್ ಗೆಲ್ಲಲು ಬೇಕಿದ್ದದ್ದು ಒಂದೇ ಗಜ, ಉಳಿದದ್ದು ಅರ್ಧ ನಿಮಿಷಕ್ಕೂ ಕಡಿಮೆ. ನ್ಯೂ ಇಂಗ್ಲೆಂಡ್ ಪರ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಪಾಸ್ ಎತ್ತ ಬರುತ್ತದೆಂದು ಮೊದಲೇ ಗುರುತಿಸಿ ಮುಂದೆ ನುಗ್ಗಿ ಹಿಡಿದ. ಆ ವರ್ಷದ ಆಟಗಾರರ ಆಯ್ಕೆಯಲ್ಲಿ ಯಾವ ತಂಡವೂ ಅವನ ಹೆಸರು ಕೂಗಿರಲಿಲ್ಲ. ಕಂಪ್ಲಿ ಕಡೆಯ ಹುಡುಗಿ ನಿಂತಿದ್ದ ಜಾಗ ಅದೇ.

ಚೆಂಡು ಸಿಗುವುದು ಅದೃಷ್ಟ ಎಂದು ವಾದಿಸುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಅಮೆರಿಕದ ಆ ಮೊಟ್ಟೆಯಾಕಾರದ ಚೆಂಡು ಕೈಜಾರಿ ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ದೇವರೇ ಬಲ್ಲ, ಅದು ಯಾರಿಗೆ ಸಿಗುತ್ತದೆ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಆದರೆ ಅದು ಕೈಜಾರುವಂತೆ ಮಾಡಿದ್ದು ಅದೃಷ್ಟವಲ್ಲ, ಯಾರೋ ಬಂದು ಗುದ್ದಿದ್ದರಿಂದ ಜಾರಿತು. ಒಂದು ಸಲ ಸಿಗದಿದ್ದರೂ ಹತ್ತು ಸಲ ಜಾರಿಸಿದರೆ ನಾಲ್ಕೈದು ಸಲ ಸಿಗುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಕಸಿಯಲು ಮುಂದೆ ಹೋದವನ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತದೆ. ಕೈಗೆ ಸಿಗದಿದ್ದರೆ ಮನೆಯೇ ಲೂಟಿ. ಚೆಂಡು ಮರಳಿ ತರಲು ಹೋಗುವುದು ಅಪಾಯ ಎಂದು ಕಂಪ್ಲಿಯವರಿಗೆ ಹೇಳಬೇಕೆ? ಕುಮಾರರಾಮನ ಕತೆಯಲ್ಲಿ ಆಡುತ್ತಿದ್ದ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ, ಅದನ್ನು ತರಲು ಹೋದವನ ತಲೆಗೇ ಸಂಚಕಾರ ಬರುತ್ತದೆ. ಅವನು ಒಬ್ಬನೇ ಹೋದ ಎನ್ನುವುದನ್ನು ಮರೆಯಬೇಡಿ. ಫುಟ್‌ಬಾಲ್‌ನಲ್ಲೂ ಕೆಡುವುದು ಒಬ್ಬನೇ ಹೋದಾಗ. ಮೊದಲನೆಯವನು ನುಗ್ಗಿದಾಗ ಎರಡನೆಯವನು ಪಾಸ್ ಹೋಗುವ ದಾರಿಗೆ ಬರಬೇಕು, ಮೂರನೆಯವನು ಖಾಲಿಯಾದ ಜಾಗಕ್ಕೆ ಸರಿಯಬೇಕು, ಹಿಂದಿನ ಸಾಲು ಹತ್ತು ಹೆಜ್ಜೆ ಮುಂದೆ ಬರಬೇಕು. ಇದು ಕಲಿಸದೆ ಬರುವ ವಿದ್ಯೆಯಲ್ಲ. ಡ್ರಿಬ್ಲಿಂಗನ್ನಾದರೂ ಹುಡುಗ ಗಲ್ಲಿಯಲ್ಲಿ ಒಬ್ಬನೇ ಕಲಿತಾನು. ಇದಕ್ಕೆ ಮೇಷ್ಟ್ರು ಬೇಕು, ಜೊತೆಗಾರರು ಬೇಕು.

ಬಿಸಿಲಿನ ಮಾತನ್ನೂ ಎತ್ತುತ್ತಾರೆ. ಏಪ್ರಿಲ್‌ನಲ್ಲಿ ಹೊಸಪೇಟೆಯಲ್ಲಿ ನಡೆಯುವುದೇ ಕಷ್ಟ, ಇನ್ನು ತೊಂಬತ್ತು ನಿಮಿಷ ಬೆನ್ನಟ್ಟುವುದೆಂತು ಎಂದು. ಸರಿ, ಯಾರೂ ತೊಂಬತ್ತು ನಿಮಿಷ ಬೆನ್ನಟ್ಟುವುದಿಲ್ಲ, ಯುರೋಪಿನ ಚಳಿಯಲ್ಲೂ ಇಲ್ಲ. ಗುರುತು ಕಂಡಾಗ ನಾಲ್ಕೈದು ಸೆಕೆಂಡು, ಸಿಗದಿದ್ದರೆ ಹಿಂದೆ ಸರಿದು ಉಸಿರು ತೆಗೆದುಕೊಳ್ಳುವುದು. ದಿನವಿಡೀ ಚೆಂಡಿನ ಹಿಂದೆ ಓಡಿ ಸುಸ್ತಾಗುವುದು, ಅದನ್ನು ಎಂದೂ ಕಸಿಯದ ತಂಡ.

ಹಾಗಾದರೆ ಮಾಡುವುದೇನು ಎಂದು ಕೇಳುವ ಪಿ.ಟಿ. ಮೇಷ್ಟ್ರುಗಳಿಗೆ ನನ್ನ ಬೇಡಿಕೆ ದುಬಾರಿಯದಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಮೈದಾನದ ಚಿತ್ರ ಬರೆದು ಮೂರು ಭಾಗ ಮಾಡಿ: ನಮ್ಮ ಕಡೆ, ನಡುವೆ, ಅವರ ಕಡೆ. ಚೆಂಡು ಕಸಿದಾಗಲೆಲ್ಲ ಆ ಜಾಗದಲ್ಲಿ ಕಸಿದವರ ನಂಬರ್ ಬರೆಯಿರಿ. ಮುಂದಿನ ಪಾಸ್ ನಮ್ಮವರಿಗೇ ಹೋದರೆ ಸುತ್ತ ಒಂದು ವೃತ್ತ. ಹತ್ತು ಸೆಕೆಂಡಿನೊಳಗೆ ಗೋಲಿನ ಕಡೆ ಒದೆತ ಹೋದರೆ ಎರಡು ವೃತ್ತ. ಕೆಲಸವನ್ನು ಆ ದಿನ ಹೊರಗೆ ಕೂತ ಬದಲಿ ಆಟಗಾರರಿಗೆ ಕೊಡಿ, ಅವರಿಗೂ ಆಟ ನೋಡಲು ಬರುತ್ತದೆ. ನಾಲ್ಕು ಪಂದ್ಯದ ಹಾಳೆಗಳನ್ನು ಶಾಲೆಯ ಬೋರ್ಡಿಗೆ ಅಂಟಿಸಿ. ಟ್ರಯಲ್‌ಗೆ ಮಕ್ಕಳನ್ನು ಕಳಿಸುವಾಗ ಸರ್ಟಿಫಿಕೇಟ್‌ಗಳ ಜೊತೆ ಆ ಹಾಳೆಗಳನ್ನೂ ಕಳಿಸಿ. ಬರೆದುಕೊಳ್ಳುವವರು ಇದೇನು ಎಂದು ಕೇಳಿದರೆ, ಹುಡುಗಿಯೇ ಹೇಳಲಿ.